ತಾಯಿ ಕಲಿಯಬೇಕಾದ ತಾಯ್ನುಡಿ: ಕಿವುಡ ಮಗು, ಕೇಳುವ ಪಾಲಕರು ಮತ್ತು ಸನ್ನೆ ಭಾಷೆ

ಭಾಷೆಯನ್ನು ಕುರಿತ ನಮ್ಮ ಚರ್ಚೆಗಳಲ್ಲಿ 'ತಾಯ್ನುಡಿ' ಎಂಬ ಪರಿಕಲ್ಪನೆಗೆ ಪ್ರಶ್ನಾತೀತವಾದ ಸ್ಥಾನವಿದೆ. ಮಗು ಪಾಠವಿಲ್ಲದೆ ಕಲಿಯುವ ನುಡಿ, ಹಿರಿಯರಿಂದ ಕಿರಿಯರಿಗೆ ಹರಿದುಬರುವ ನುಡಿ ಎಂಬುದು ಇದರ ಸಾಮಾನ್ಯ ಅರ್ಥ. ಈ ಅರ್ಥದೊಳಗೆ ಒಂದು ಷರತ್ತು ಅಡಗಿದೆ. ಅದೆಂದರೆ ಮಗುವಿಗೆ ಕಿವಿ ಕೇಳಿಸಬೇಕು. ಈ ಷರತ್ತು ಈಡೇರದ ಮನೆಯಲ್ಲಿ ತಾಯಿಯ ನುಡಿ ತಾನಾಗಿಯೇ ಮಗುವಿನ ನುಡಿಯಾಗುವುದಿಲ್ಲ. ಅಲ್ಲಿ ಹರಿವಿನ ದಿಕ್ಕು ಬದಲಾಗಿ, ಮಗುವಿಗೆ ಸಹಜವಾಗಿ ಒದಗಬಲ್ಲ ನುಡಿಯನ್ನು ತಂದೆತಾಯಿಗಳೇ ಹೊಸದಾಗಿ ಕಲಿಯಬೇಕಾಗುತ್ತದೆ. ಕೇಳುವ ಪಾಲಕರು ತಮ್ಮ ಕಿವುಡ ಮಗುವಿಗಾಗಿ ಸನ್ನೆ ಭಾಷೆಯನ್ನು ಕಲಿಯುವ ಈ ಪ್ರಕ್ರಿಯೆಯ ಸ್ವರೂಪವನ್ನು ವಿವರಿಸುವುದು, ಅದು ಕನ್ನಡ ಅಧ್ಯಯನದ ವಿಷಯವೂ ಹೌದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸಮಸ್ಯೆಯ ಸ್ವರೂಪ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ 70 ಸಾವಿರ. ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದವರೆಂಬುದನ್ನು ಅಮೆರಿಕದಲ್ಲಿ ನಡೆದ ಸಮೀಕ್ಷೆಗಳು ತೋರಿಸಿವೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಹುಟ್ಟುಗಿವುಡಿಗೆ ಕಾರಣವಾಗುವ ಅನುವಂಶೀಯ ಗುಣಗಳಲ್ಲಿ ಹೆಚ್ಚಿನವು ಸುಪ್ತವಾಗಿರುತ್ತವೆ. ಅವುಗಳನ್ನು ಹೊತ್ತ ತಂದೆಗೂ ತಾಯಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಸೋದರಮಾವ, ಸೋದರತ್ತೆಯ ಮಕ್ಕಳ ನಡುವಣ ಮದುವೆಯ ರೂಢಿಯಿರುವ ನಮ್ಮ ಪ್ರದೇಶಗಳಲ್ಲಿ ಒಂದೇ ಸುಪ್ತಗುಣ ಇಬ್ಬರಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚು. ಹೀಗಾಗಿ ಆ ಮನೆಯಲ್ಲಿ ಕಿವುಡನ್ನಾಗಲಿ ಸನ್ನೆ ಭಾಷೆಯನ್ನಾಗಲಿ ಅದುವರೆಗೆ ಯಾರೂ ಕಂಡಿರುವುದಿಲ್ಲ.

ಯಲಬುರ್ಗಾ ಸೀಮೆಯ ಮಂಗಳೂರಿನಂಥ ಒಂದು ಗ್ರಾಮದ ಸಂದರ್ಭವನ್ನು ಭಾವಿಸಿಕೊಂಡರೆ ಇದರ ಪರಿಣಾಮ ತಿಳಿಯುತ್ತದೆ. ಕರಾವಳಿಯ ಮಂಗಳೂರಿನೊಡನೆ ಹೆಸರನ್ನು ಮಾತ್ರ ಹಂಚಿಕೊಂಡಿರುವ ಕೊಪ್ಪಳ ಜಿಲ್ಲೆಯ ಈ ಮಂಗಳೂರು ಒಣಬೇಸಾಯದ ನಾಡಿಗೆ ಸೇರಿದ್ದು. ಕುಷ್ಟಗಿ, ಯಲಬುರ್ಗಾ ಭಾಗಗಳಿಂದ ದುಡಿಮೆಗಾಗಿ ಗುಳೆ ಹೋಗುವುದು ಹಳೆಯ ಸಂಗತಿ. ಇಂಥ ಕಡೆ ಮಗು ಕರೆದರೆ ತಿರುಗದಿದ್ದಾಗ 'ಮಾತು ತಡವಾಗಿ ಬಂದೀತು' ಎಂದು ಹಿರಿಯರು ಸಮಾಧಾನ ಹೇಳುವುದುಂಟು. ವಾಕ್ ಮತ್ತು ಶ್ರವಣದ ಪ್ರಮುಖ ಕೇಂದ್ರವಾಗಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆ ಇರುವುದು ರಾಜ್ಯದ ಇನ್ನೊಂದು ತುದಿಯ ಮೈಸೂರಿನಲ್ಲಿ. ತಪಾಸಣೆ, ಶ್ರವಣಸಾಧನ, ಶಾಲೆ ಇವುಗಳ ಹುಡುಕಾಟದಲ್ಲಿ ಮೂರು ನಾಲ್ಕು ವರ್ಷಗಳು ಕಳೆದುಹೋಗುವುದು ಸುಲಭ. ಭಾಷೆ ಬೇರುಬಿಡುವ ವಯಸ್ಸೂ ಅದೇ ಆಗಿದೆ. ಕಿವುಡು ಮಗುವಿನ ದೇಹದ ಒಂದು ಸ್ಥಿತಿ; ಭಾಷೆಯಿಲ್ಲದ ಬಾಲ್ಯ ಮಾತ್ರ ಸುತ್ತಲಿನವರಿಂದ ತಪ್ಪಿಸಲು ಸಾಧ್ಯವಿರುವ ನಷ್ಟ. ಇವೆರಡನ್ನೂ ಒಂದೆಂದು ಭಾವಿಸುವುದೇ ಈ ವಿಷಯದಲ್ಲಿ ಮೂಲಭೂತವಾದ ತೊಡಕು.

ಈ ತೊಡಕಿಗೆ ನಮ್ಮ ಪದಕೋಶವೂ ನೆರವಾಗಿದೆ. 'ಕಿವುಡ' ಮತ್ತು 'ಮೂಗ' ಎಂಬ ಪದಗಳನ್ನು ಜೋಡಿಯಾಗಿಯೇ ಬಳಸುವ ರೂಢಿಯಲ್ಲಿ, ಕಿವಿ ಕೇಳಿಸದವನಿಗೆ ಭಾಷೆಯೇ ಇಲ್ಲವೆಂಬ ತೀರ್ಮಾನ ಸೇರಿಕೊಂಡಿದೆ. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' ಚಲನಚಿತ್ರವು 1964ರಷ್ಟು ಹಿಂದೆಯೇ ಮಾತು ಬಾರದ ಕಿವುಡ ಗೃಹಿಣಿಯೊಬ್ಬಳ ಬದುಕನ್ನು ಕನ್ನಡ ಪ್ರೇಕ್ಷಕರ ಮುಂದಿಟ್ಟಿತು. ಆದರೆ ಭಾಷಾಧ್ಯಯನವು ಈ ಪ್ರಶ್ನೆಯನ್ನು ಬಹುಮಟ್ಟಿಗೆ ವೈದ್ಯರಿಗೂ ವಿಶೇಷ ಶಿಕ್ಷಕರಿಗೂ ಬಿಟ್ಟುಕೊಟ್ಟಿದೆ.

ಮನೆಸನ್ನೆ, ಊರ ಸನ್ನೆ, ಸನ್ನೆ ಭಾಷೆ

'ಸನ್ನೆ' ಎಂಬುದು ಸಂಸ್ಕೃತದ 'ಸಂಜ್ಞಾ' ಪದದ ತದ್ಭವ. ಕಣ್ಸನ್ನೆ, ಕೈಸನ್ನೆ ಎಂಬ ಬಳಕೆಗಳಲ್ಲಿ ಅದು ಮಾತಿಗೆ ಪೂರಕವಾದ ಸೂಚನೆ ಮಾತ್ರ. ಸನ್ನೆ ಭಾಷೆ ಎನ್ನುವಾಗ ಈ ಸೀಮಿತ ಅರ್ಥವನ್ನು ದಾಟಬೇಕಾಗುತ್ತದೆ. ಇಲ್ಲಿ ಮೂರು ಹಂತಗಳನ್ನು ಗುರುತಿಸಬಹುದು.

ಮೊದಲನೆಯದು ಮನೆಸನ್ನೆ. ಸನ್ನೆ ಭಾಷೆಯ ಸಂಪರ್ಕವೇ ಇಲ್ಲದ ಕಿವುಡ ಮಗು ತನ್ನ ಮನೆಯವರೊಡನೆ ವ್ಯವಹರಿಸಲು ತಾನೇ ಸನ್ನೆಗಳನ್ನು ಕಟ್ಟಿಕೊಳ್ಳುತ್ತದೆ. ಸೂಸಾನ್ ಗೋಲ್ಡಿನ್-ಮೆಡೋ ಮತ್ತು ಅವರ ಸಂಗಡಿಗರು 1970ರ ದಶಕದಿಂದ ಅಮೆರಿಕದಲ್ಲಿಯೂ ಮುಂದೆ ತೈವಾನಿನಲ್ಲಿಯೂ ನಡೆಸಿದ ಅಧ್ಯಯನಗಳು ಈ ಸನ್ನೆಗಳಲ್ಲಿ ಪದಕ್ರಮದಂಥ ವ್ಯವಸ್ಥೆ ಇರುವುದನ್ನು ತೋರಿಸಿವೆ. ಮಕ್ಕಳ ಸನ್ನೆಗಳಲ್ಲಿ ಕಂಡ ವ್ಯವಸ್ಥೆ ಅವರ ತಾಯಂದಿರ ಸನ್ನೆಗಳಲ್ಲಿ ಅಷ್ಟಾಗಿ ಕಾಣಲಿಲ್ಲ ಎಂಬುದು ಗಮನಾರ್ಹ. ಅಂದರೆ ಭಾಷೆಯ ಹಸಿವು ಮಗುವಿನಲ್ಲಿ ಮೊದಲೇ ಇದೆ. ಅದಕ್ಕೆ ಒದಗಬೇಕಾದದ್ದು ಆಹಾರ. ಆದರೆ ಮನೆಸನ್ನೆಯ ಬಳಕೆದಾರರು ಮನೆಯವರಷ್ಟೇ. ಹೊಸಿಲು ದಾಟಿದೊಡನೆ ಅದರ ಚಲಾವಣೆ ನಿಲ್ಲುತ್ತದೆ.

ಎರಡನೆಯದು ಊರ ಸನ್ನೆ. ಇದಕ್ಕೆ ಕರ್ನಾಟಕದಲ್ಲಿಯೇ ಮಹತ್ವದ ನಿದರ್ಶನವಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಶಿಯಾ ಮುಸ್ಲಿಮರು ಬಹುಸಂಖ್ಯೆಯಲ್ಲಿರುವ, ಉರ್ದು ಮನೆಮಾತಿನ ಊರು. ಸಮುದಾಯದೊಳಗಿನ ಮದುವೆಗಳಿಂದಾಗಿ ಹುಟ್ಟುಗಿವುಡು ಅಲ್ಲಿ ತಲೆಮಾರುಗಳಿಂದ ಮುಂದುವರಿದಿದೆ. ಆ ಊರಿನಲ್ಲಿ ಬೆಳೆದ ಸನ್ನೆ ಭಾಷೆಯನ್ನು ಶಿಬಾಜಿ ಪಂಡಾ ಅಧ್ಯಯನ ಮಾಡಿ 2012ರಲ್ಲಿ ಅದರ ಸಾಮಾಜಿಕ ಚಿತ್ರಣವನ್ನು ಪ್ರಕಟಿಸಿದರು. ಕಿವುಡರಷ್ಟೇ ಅಲ್ಲದೆ ಅವರ ಕೇಳುವ ಬಂಧುಗಳು, ನೆರೆಹೊರೆಯವರು ಕೂಡ ಅದನ್ನು ಬಳಸುತ್ತಾರೆ ಎಂಬುದು ನಮ್ಮ ವಿಷಯಕ್ಕೆ ಮುಖ್ಯವಾದ ಅಂಶ. ಅಲ್ಲಿ ಕಿವುಡ ಮಗುವಿನ ತಾಯಿ ತರಗತಿಗೆ ಹೋಗಬೇಕಿಲ್ಲ. ಊರೇ ಅವಳಿಗೆ ಪಾಠಶಾಲೆ. ಕೇಳುವವರು ಸನ್ನೆ ಭಾಷೆ ಕಲಿಯುವುದು ಅಸಾಧ್ಯವೆಂಬ ಭಾವನೆಗೆ ಅಲೀಪುರವೊಂದೇ ಸಾಕಷ್ಟು ಉತ್ತರ. ಕೊಪ್ಪಳದ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಿವುಡ ಮಗು ಒಂಟಿ. ಆದ್ದರಿಂದ ಊರು ಕಲಿಸುವುದನ್ನು ಅಲ್ಲಿ ಪಾಲಕರು ಹೊರಗಿನಿಂದ ತರಬೇಕಾಗುತ್ತದೆ.

ಹೀಗೆ ತರಬೇಕಾದದ್ದು ಮೂರನೆಯ ಹಂತದ ಭಾರತೀಯ ಸನ್ನೆ ಭಾಷೆ. ಸನ್ನೆ ಭಾಷೆಗೂ ಧ್ವನಿಮಾಗೆ ಸಮಾನವಾದ ಘಟಕಗಳಿವೆ ಎಂಬುದನ್ನು ವಿಲಿಯಂ ಸ್ಟೋಕೋ 1960ರಲ್ಲಿ ಅಮೆರಿಕನ್ ಸನ್ನೆ ಭಾಷೆಯ ಆಧಾರದಿಂದ ನಿರೂಪಿಸಿದರು. ಕೈಯ ಆಕಾರ, ಅದರ ಸ್ಥಾನ, ಚಲನೆ ಇವುಗಳಲ್ಲಿ ಒಂದು ಬದಲಾದರೂ ಅರ್ಥ ಬದಲಾಗುತ್ತದೆ. ಭಾರತದಲ್ಲಿ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮೊದಲಾದವರು 1970ರ ದಶಕದಲ್ಲಿ ದೆಹಲಿ, ಕಲ್ಕತ್ತ, ಬೊಂಬಾಯಿ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿ, ಅವು ಒಂದೇ ಭಾಷೆಯ ಪ್ರಭೇದಗಳೆಂದು ಗುರುತಿಸಿದರು. ಬೆಂಗಳೂರು ಪ್ರಭೇದವನ್ನು ಕುರಿತ ಅವರ ಪುಸ್ತಕ 1985ರಲ್ಲಿ ಪ್ರಕಟವಾಯಿತು. ಉಲ್ರಿಕೆ ಜೆಶಾನ್ ಅವರ 2000ದ ಗ್ರಂಥ ಈ ಭಾಷೆಯ ವ್ಯಾಕರಣವನ್ನು ವಿಸ್ತಾರವಾಗಿ ವಿವರಿಸಿತು. 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ದೃಶ್ಯನಿಘಂಟನ್ನು ಹೊರತಂದು, 2021ರ ವೇಳೆಗೆ ಅದನ್ನು 10,000 ಪದಗಳಿಗೆ ವಿಸ್ತರಿಸಿತು.

ಕನ್ನಡ ಬಲ್ಲವರಿಗೆ ಸನ್ನೆ ಭಾಷೆಯ ವ್ಯಾಕರಣ

ಹೊಸ ಭಾಷೆಯೊಂದನ್ನು ಕಲಿಯುವ ಕನ್ನಡ ಪಾಲಕರಿಗೆ ಅವರ ಕನ್ನಡವೇ ಕೆಲವು ಅನುಕೂಲಗಳನ್ನು ಒದಗಿಸುತ್ತದೆ. ಭಾರತೀಯ ಸನ್ನೆ ಭಾಷೆಯಲ್ಲಿ ಕ್ರಿಯೆ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ನಿಷೇಧವೂ ಕೊನೆಗೆ ಬರುತ್ತದೆ. ನಮ್ಮ 'ಅಲ್ಲ', 'ಇಲ್ಲ'ಗಳ ಸ್ಥಾನವೂ ಅದೇ. 'ಇವನು ನನ್ನ ಮಗ' ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲದಂತೆ ಸನ್ನೆ ಭಾಷೆಗೂ ಬೇಕಿಲ್ಲ. 'ನಿಮ್ಮ ಊರು ಯಾವುದು' ಎಂದು ಕೇಳುವ ಕನ್ನಡಿಗನಿಗೆ, ಪ್ರಶ್ನಾಸನ್ನೆಯನ್ನು ವಾಕ್ಯದ ಕೊನೆಗಿಡುವ ಕ್ರಮ ಅಪರಿಚಿತವೆನಿಸದು. ಪ್ರಶ್ನಾರ್ಥಕಗಳ ರಚನೆಯೂ ಸರಳವಾಗಿದೆ. ಒಂದು ಸಾಮಾನ್ಯ ಪ್ರಶ್ನಾಸನ್ನೆಗೆ ಮುಖದ ಸನ್ನೆ ಸೇರಿದರೆ 'ಯಾರು', ಸ್ಥಳದ ಸನ್ನೆ ಸೇರಿದರೆ 'ಎಲ್ಲಿ', ಸಮಯದ ಸನ್ನೆ ಸೇರಿದರೆ 'ಯಾವಾಗ' ಎಂಬ ಅರ್ಥಗಳು ಸಿದ್ಧವಾಗುತ್ತವೆ. ಗಂಡು ಎಂಬುದಕ್ಕೆ ಮೀಸೆ, ಹೆಣ್ಣು ಎಂಬುದಕ್ಕೆ ಮೂಗುತಿ ಸನ್ನೆಗಳಾಗಿರುವುದರಿಂದ ಹಳ್ಳಿಯ ತಾಯಿಗೂ ಅವು ತನ್ನ ಬದುಕಿನೊಳಗಿನ ಗುರುತುಗಳಾಗಿಯೇ ತೋರುತ್ತವೆ.

ವ್ಯತ್ಯಾಸಗಳೂ ಇವೆ. ಕನ್ನಡ ವಿಭಕ್ತಿ ಪ್ರತ್ಯಯಗಳಿಂದ ಸಾಧಿಸುವುದನ್ನು ಸನ್ನೆ ಭಾಷೆ ಅವಕಾಶದಿಂದ, ಅಂದರೆ ದೇಹದ ಮುಂದಿನ ಜಾಗದಿಂದ ಸಾಧಿಸುತ್ತದೆ. 'ಕೊಡು' ಎಂಬ ಸನ್ನೆ ಕೊಡುವವನ ಕಡೆಯಿಂದ ಪಡೆಯುವವನ ಕಡೆಗೆ ಚಲಿಸುತ್ತದೆ. ಆ ಚಲನೆಯಲ್ಲಿಯೇ ಕರ್ತೃವೂ ಸಂಪ್ರದಾನವೂ ತಿಳಿಯುತ್ತವೆ. ಹುಬ್ಬೇರಿಸುವುದು, ತಲೆ ಮುಂದೆ ಬಾಗಿಸುವುದು ಕೇವಲ ಭಾವಸೂಚಕಗಳಲ್ಲ. ಹೌದು ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಯ ವ್ಯಾಕರಣಾಂಶಗಳು. ಗಂಭೀರವಾದ ಮುಖವಿಟ್ಟುಕೊಂಡು ಕೈಗಳನ್ನಷ್ಟೇ ಆಡಿಸುವ ಪಾಲಕರ ಪ್ರಶ್ನೆ ಮಗುವಿಗೆ ಹೇಳಿಕೆಯಂತೆ ಕಾಣಬಹುದು.

ಕನ್ನಡದ 'ಕೇಳು' ಧಾತುವಿಗೆ ಆಲಿಸು, ಪ್ರಶ್ನಿಸು ಎಂಬ ಎರಡು ಅರ್ಥಗಳಿವೆ. ಮೊದಲ ಅರ್ಥದಲ್ಲಿ ಕೇಳಲಾರದ ಮಗು ಎರಡನೆಯ ಅರ್ಥದಲ್ಲಿಯೂ ಕೇಳಲಾರದೆ ಉಳಿಯುವುದೇ ಭಾಷಾವಂಚಿತ ಬಾಲ್ಯದ ದುರಂತ. ಅಜ್ಜ ಎಲ್ಲಿಗೆ ಹೋದ, ಅಪ್ಪ ಗುಳೆಯಿಂದ ಯಾವಾಗ ಬರುತ್ತಾನೆ, ಹಬ್ಬ ಏಕೆ ಇಂದು ಎಂಬ ಪ್ರಶ್ನೆಗಳಿಗೆ ದಾರಿಯಿಲ್ಲದ ಮಗು ಕಣ್ಣೆದುರಿನದನ್ನು ಮಾತ್ರ ಬಲ್ಲದು. ಪಾಲಕರು ಮೊದಲು ಕಲಿಯಬೇಕಾದದ್ದು ವಸ್ತುಗಳ ಹೆಸರುಗಳಿಗಿಂತ ಹೆಚ್ಚಾಗಿ ಪ್ರಶ್ನೆ, ಕಾಲ, ಕಾರಣಗಳ ಸನ್ನೆಗಳನ್ನು ಎಂಬ ಸೂಚನೆ ಇದರಿಂದ ದೊರೆಯುತ್ತದೆ.

ಕಲಿಕೆಯ ಕ್ರಮ

ಕೇಳುವ ತಾಯಿ ಅಡಿಗೆ ಮಾಡುತ್ತಲೇ, ಬೆನ್ನು ತಿರುಗಿಸಿಯೇ ಮಗುವಿನೊಡನೆ ಮಾತಾಡಬಲ್ಲಳು. ಸನ್ನೆ ಭಾಷೆಗೆ ಕೈಗಳು ಬಿಡುವಾಗಿರಬೇಕು, ಮುಖ ಎದುರಿಗಿರಬೇಕು, ಮುಖದ ಮೇಲೆ ಬೆಳಕಿರಬೇಕು. ಎರಡೂ ಕೈಗಳಿಂದ ಜೋಳದ ರೊಟ್ಟಿ ಬಡಿಯುವ ತಾಯಿ ಒಂದು ವಾಕ್ಯ ಹೇಳಲು ರೊಟ್ಟಿಯನ್ನು ನಿಲ್ಲಿಸಬೇಕಾಗುತ್ತದೆ. ಮೇಲ್ನೋಟಕ್ಕೆ ಸಣ್ಣದೆನಿಸುವ ಈ ಸಂಗತಿಯೇ ದಿನಚರಿಯನ್ನು ಬದಲಿಸುವಂಥದ್ದು. ಕೇಳುವ ಮಗು ಹಸುವನ್ನು ನೋಡುತ್ತಲೇ 'ಹಸು' ಎಂಬ ಪದವನ್ನು ಕೇಳಿಸಿಕೊಳ್ಳುತ್ತದೆ. ಕಿವುಡ ಮಗು ಮೊದಲು ಹಸುವನ್ನು ನೋಡಿ, ಅನಂತರ ತಾಯಿಯ ಕೈಯನ್ನು ನೋಡಬೇಕು. ಆದ್ದರಿಂದ ಮಗುವಿನ ನೋಟ ತಿರುಗುವ ತನಕ ಕಾಯುವುದು, ಭುಜವನ್ನು ಮೃದುವಾಗಿ ತಟ್ಟಿ ಕರೆಯುವುದು, ವಸ್ತುವಿನ ಪಕ್ಕದಲ್ಲಿಯೇ ಸನ್ನೆ ಮಾಡುವುದು ಪಾಲಕರ ಕಲಿಕೆಯ ಮೊದಲ ಪಾಠಗಳಾಗುತ್ತವೆ. ತಾಯಿಯೊಬ್ಬಳೇ ಕಲಿತರೆ ಅವಳು ಮಗುವಿನ ಶಾಶ್ವತ ದುಭಾಷಿಯಾಗಿ ದಣಿಯುತ್ತಾಳೆ. ತಂದೆ, ಅಜ್ಜಿ, ಒಡಹುಟ್ಟಿದವರು ಕಲಿತಾಗ ಮಾತ್ರ ಮನೆಯ ಹರಟೆ, ಜಗಳ, ತಮಾಷೆಗಳು ಮಗುವಿಗೂ ಒದಗುತ್ತವೆ. ಊರಿನ ಅಥವಾ ಹತ್ತಿರದ ಪಟ್ಟಣದ ವಯಸ್ಕ ಕಿವುಡರ ಒಡನಾಟ ಎಲ್ಲಕ್ಕಿಂತ ಉತ್ತಮ ಶಿಕ್ಷಣ. ತಮ್ಮ ಮಗು ಬೆಳೆದು ಏನಾಗಬಲ್ಲದು ಎಂಬುದನ್ನು ಪಾಲಕರು ಅವರಲ್ಲಿ ಕಾಣುತ್ತಾರೆ.

ಪಾಲಕರ ಆತಂಕಗಳು

ಸನ್ನೆ ಕಲಿಸಿದರೆ ಮಗು ಮಾತು ಕಲಿಯುವುದಿಲ್ಲ ಎಂಬ ಆತಂಕ ವ್ಯಾಪಕವಾಗಿದೆ. ಇದಕ್ಕೆ ದೀರ್ಘವಾದ ಇತಿಹಾಸವಿದೆ. 1880ರ ಮಿಲಾನ್ ಸಮ್ಮೇಳನವು ಕಿವುಡರ ಶಿಕ್ಷಣದಿಂದ ಸನ್ನೆಯನ್ನು ಹೊರಗಿಡಬೇಕೆಂದು ನಿರ್ಣಯಿಸಿತು. ಆ ನಿರ್ಣಯಗಳನ್ನು ಅದೇ ಪರಂಪರೆಯ ಸಮ್ಮೇಳನವು ತಿರಸ್ಕರಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಈ ನಡುವಣ 130 ವರ್ಷಗಳಲ್ಲಿ ಮಾತಿನ ತರಬೇತಿಯೇ ಏಕೈಕ ಮಾರ್ಗವೆಂಬ ನಂಬಿಕೆ ನಮ್ಮ ಶಾಲೆಗಳಲ್ಲಿಯೂ ಬೇರೂರಿತು. ಮಾತಿನ ತರಬೇತಿಗೂ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೂ ತಮ್ಮದೇ ಆದ ಪ್ರಯೋಜನಗಳಿವೆ; ಅನೇಕ ಮಕ್ಕಳು ಅವುಗಳಿಂದ ಮಾತನ್ನು ಪಡೆದಿದ್ದಾರೆ. ಆದರೆ ಶಸ್ತ್ರಚಿಕಿತ್ಸೆಯ ಬಳಿಕವೂ ವರ್ಷಗಟ್ಟಲೆ ತರಬೇತಿ, ಉಪಕರಣದ ನಿರ್ವಹಣೆ ಅಗತ್ಯ. ಫಲವೂ ಎಲ್ಲ ಮಕ್ಕಳಲ್ಲಿ ಒಂದೇ ತೆರನಾಗಿರುವುದಿಲ್ಲ. ಆ ಫಲಕ್ಕಾಗಿ ಕಾಯುವ ಕಾಲದಲ್ಲಿ ಮಗು ಯಾವ ಭಾಷೆಯಲ್ಲಿ ಯೋಚಿಸಬೇಕು ಎಂಬ ಪ್ರಶ್ನೆಗೆ ಸನ್ನೆ ಭಾಷೆ ಉತ್ತರವಾಗಬಲ್ಲದು.

ತಾವು ತಪ್ಪುತಪ್ಪಾಗಿ ಕಲಿತ ಭಾಷೆಯಿಂದ ಮಗುವಿಗೇನು ಲಾಭ ಎಂಬುದು ಇನ್ನೊಂದು ಆತಂಕ. ತಡವಾಗಿ ಸನ್ನೆ ಕಲಿತ ತಂದೆತಾಯಿಗಳ ದೋಷಪೂರ್ಣ ಬಳಕೆಯಿಂದಲೇ ಭಾಷೆ ಪಡೆದ ಒಬ್ಬ ಕಿವುಡ ಬಾಲಕನನ್ನು ಸಿಂಗಲ್‌ಟನ್ ಮತ್ತು ನ್ಯೂಪೋರ್ಟ್ 2004ರಲ್ಲಿ ಅಧ್ಯಯನ ಮಾಡಿ, ಅವನು ಪಾಲಕರನ್ನು ಮೀರಿಸಿ ಹೆಚ್ಚು ಕ್ರಮಬದ್ಧವಾದ ವ್ಯಾಕರಣವನ್ನು ರೂಢಿಸಿಕೊಂಡಿದ್ದನ್ನು ತೋರಿಸಿದರು. ಆ ಪಾಲಕರು ಸ್ವತಃ ಕಿವುಡರಾಗಿದ್ದರು. ಕೇಳುವ ಪಾಲಕರ ಮಕ್ಕಳನ್ನು ಕುರಿತು ಕ್ಯಾಸೆಲಿ, ಲೀಬರ್‌ಮನ್, ಪಯರ್ಸ್ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಆರು ತಿಂಗಳೊಳಗೆ ಸನ್ನೆ ಭಾಷೆಯ ಸಂಪರ್ಕಕ್ಕೆ ಬಂದ ಮಕ್ಕಳ ಪದಸಂಪತ್ತು ವಯಸ್ಸಿಗೆ ತಕ್ಕಂತೆ ಬೆಳೆಯುವುದನ್ನು ದಾಖಲಿಸಿತು. ಪಾಲಕರ ಪರಿಪೂರ್ಣತೆಗಿಂತ ಅವರು ಬೇಗ ಆರಂಭಿಸುವುದು ಮುಖ್ಯವೆಂದು ಇವುಗಳಿಂದ ಹೇಳಬಹುದು.

ಕನ್ನಡ ವಿಭಾಗಗಳ ಹೊಣೆ

ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಭಾಷೆ ಎಂಬ ಪದದೊಳಗೆ ಆಡುವ ಭಾಷೆಗಳೊಂದಿಗೆ ಸನ್ನೆ ಭಾಷೆಗಳನ್ನೂ ಸೇರಿಸಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸನ್ನೆ ಭಾಷೆ ಬಲ್ಲ ಶಿಕ್ಷಕರ ನೇಮಕವನ್ನು ಸರ್ಕಾರದ ಕರ್ತವ್ಯವಾಗಿಸಿದೆ. ಅದೇ ಅಧಿನಿಯಮದ 17ನೆಯ ಪ್ರಕರಣವು ಎರಡನೆಯ ಮತ್ತು ಮೂರನೆಯ ಭಾಷೆಗಳ ಅಧ್ಯಯನದಿಂದ ವಿನಾಯಿತಿ ನೀಡಲು ಅವಕಾಶ ಕಲ್ಪಿಸಿದೆ. ವಿನಾಯಿತಿ ಪರೀಕ್ಷೆಯ ಹೊರೆಯನ್ನು ಇಳಿಸುತ್ತದೆ, ನಿಜ. ಆದರೆ ಊರಿನ ಫಲಕ, ಪತ್ರಿಕೆ, ಪಡಿತರ ಚೀಟಿ, ಅರ್ಜಿ ಎಲ್ಲವೂ ಕನ್ನಡದಲ್ಲಿರುವ ಕೊಪ್ಪಳದಂಥ ಜಿಲ್ಲೆಯಲ್ಲಿ ಬರೆಹದ ಕನ್ನಡದಿಂದ ಯಾವ ಮಗುವಿಗೂ ವಿನಾಯಿತಿ ದೊರೆಯುವುದಿಲ್ಲ. ಸನ್ನೆ ಭಾಷೆಯಲ್ಲಿ ಅರ್ಥಲೋಕವನ್ನು ಕಟ್ಟಿಕೊಂಡ ಮಗುವಿಗೆ ಕನ್ನಡ ಅಕ್ಷರ ಎರಡನೆಯ ಭಾಷೆಯಾಗಿ ಬರುತ್ತದೆ. ಯಾವ ಭಾಷೆಯೂ ಇಲ್ಲದ ಮಗುವಿಗೆ ಅಕ್ಷರವು ಅರ್ಥವಿಲ್ಲದ ರೇಖೆಯಾಗಿಯೇ ಉಳಿಯುತ್ತದೆ. ಈ ದೃಷ್ಟಿಯಿಂದ ಸನ್ನೆ ಕಲಿಯುವ ತಾಯಿ ಮಗುವನ್ನು ಕನ್ನಡದಿಂದ ದೂರ ಒಯ್ಯುತ್ತಿಲ್ಲ, ಕನ್ನಡದ ಹತ್ತಿರಕ್ಕೆ ತರುತ್ತಿದ್ದಾಳೆ.

ಇಲ್ಲಿ ಕನ್ನಡ ಅಧ್ಯಾಪಕರು ಮಾಡಬಹುದಾದ ಕೆಲಸಗಳು ಹಲವು. ಭಾರತೀಯ ಸನ್ನೆ ಭಾಷೆಯಲ್ಲಿ ಹೆಚ್ಚು ರೂಢಿಯಲ್ಲಿರುವ ಎರಡು ಕೈಗಳ ಬೆರಳಕ್ಷರಗಳು ರೋಮನ್ ಲಿಪಿಯನ್ನು ಆಧರಿಸಿವೆ; ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ಕಣ್ಣಿನ ಮೂಲಕ ಕಲಿಸುವ ಕ್ರಮವನ್ನು ರೂಪಿಸಬೇಕಾಗಿದೆ. ಅತ್ತೆ, ಸೋದರಮಾವ, ಚಿಗವ್ವ, ದೊಡ್ಡಪ್ಪ ಎಂಬ ನಮ್ಮ ಬಂಧುವಾಚಕಗಳ ಸೂಕ್ಷ್ಮತೆಗಳಿಗೆ ಮನೆಗಳಲ್ಲಿ ಎಂಥ ಸನ್ನೆಗಳು ಹುಟ್ಟಿವೆ ಎಂಬುದನ್ನು ಪಾಲಕರ ಒಪ್ಪಿಗೆಯೊಡನೆ ದಾಖಲಿಸಬಹುದು. ಸಾಧ್ಯವಿದ್ದೆಡೆ ಸ್ಥಳೀಯ ಸನ್ನೆ ಭಾಷೆಗಳನ್ನು ಗೌರವಿಸಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದರೆ ದಾಖಲಾಗದ ಸನ್ನೆಯನ್ನು ಗೌರವಿಸುವುದು ಬರಿಯ ಮಾತಾಗುತ್ತದೆ. ಸಂಶೋಧನಾ ಕೇಂದ್ರವು 2023ರಲ್ಲಿ ಪಾಲಕರನ್ನೂ ಉದ್ದೇಶಿಸಿ ಆರಂಭಿಸಿದ ಸ್ವಯಂಕಲಿಕೆಯ ಪಾಠಗಳು ಮೊಬೈಲಿನಲ್ಲಿ ದೊರೆಯುತ್ತವೆ. ಅವುಗಳನ್ನು ಕುಷ್ಟಗಿಯ ಅಥವಾ ಗಂಗಾವತಿಯ ತಾಯಿಗೆ ಅವಳ ಆಡುಗನ್ನಡದಲ್ಲಿ ವಿವರಿಸಿಕೊಡುವ ಕೈಪಿಡಿಗಳು ಬೇಕು. ಅಂಥ ಕೈಪಿಡಿಯನ್ನು ಸಿದ್ಧಪಡಿಸಲು ವಯಸ್ಕ ಕಿವುಡರ ಸನ್ನೆಜ್ಞಾನ ಮತ್ತು ಕನ್ನಡ ಅಧ್ಯಾಪಕರ ಉಪಭಾಷಾ ಜ್ಞಾನ ಒಂದೆಡೆ ಸೇರಬೇಕು.

ಒಟ್ಟಾರೆಯಾಗಿ, ಕಿವುಡ ಮಗುವಿನ ಮನೆಯಲ್ಲಿ ತಾಯ್ನುಡಿಯೆಂಬುದು ಪರಂಪರೆಯಿಂದ ತಾನಾಗಿ ಬರುವ ಆಸ್ತಿಯಾಗಿರದೆ, ಪಾಲಕರು ದುಡಿದು ಸಂಪಾದಿಸಿಕೊಡಬೇಕಾದ ಆಸ್ತಿಯಾಗುತ್ತದೆ. ತಾಯ್ನುಡಿಯ ಹಕ್ಕಿಗಾಗಿ ದೀರ್ಘಕಾಲ ವಾದಿಸಿರುವ ಕನ್ನಡ ಲೋಕವು, ಆ ಹಕ್ಕು ಕೇಳುವ ಕಿವಿಗಳಿಗಷ್ಟೇ ಸೀಮಿತವಾಗದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕಾಗಿದೆ.