ಐದು ತಟ್ಟೆಗಳ ತರಗತಿ

ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಮೊದಲ ಸಲ ಕಾಲಿಟ್ಟವರು ಟೀಚರ್ ಎಲ್ಲಿದ್ದಾರೆಂದು ಹುಡುಕಬೇಕಾಗುತ್ತದೆ. ಎದುರಿಗೆ ಮೇಜಿಲ್ಲ, ಬೆಂಚುಗಳ ಸಾಲಿಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬೆರೆತು ಗುಂಪುಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ಅದರಲ್ಲೊಂದು ಗುಂಪಿನ ನಡುವೆ ಟೀಚರೂ ಚಕ್ಕಂಬಕ್ಕಳ ಹಾಕಿರುತ್ತಾರೆ. ತಲೆಯ ಮೇಲೆ ದಾರ ಎಳೆದು ಕಟ್ಟಿದ ಚಪ್ಪರ. ಅದರ ತುಂಬ ಮಕ್ಕಳು ಬಿಡಿಸಿದ ಚಿತ್ರ, ಬರೆದ ಹಾಳೆ. ಗೋಡೆಯ ಕೆಳಭಾಗದಲ್ಲಿ, ಆರು ವರ್ಷದ ಮಗುವಿನ ಕೈಗೆಟಕುವ ಎತ್ತರದಲ್ಲಿ, ಬರೆಯಲು ಕಪ್ಪುಹಲಗೆ.

ನಲಿಕಲಿ ಎಂಬ ಈ ಕಲಿಕಾ ಪದ್ಧತಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದರು. ಬಂದವರು ಅದನ್ನು ಹಾಗೆಯೇ ನಕಲು ಮಾಡಲಿಲ್ಲ. ಪಠ್ಯಪುಸ್ತಕವನ್ನು ಬಿಚ್ಚಿ ಸಣ್ಣ ಸಣ್ಣ ಮೆಟ್ಟಿಲು ಮಾಡಿಕೊಂಡರು, ತಮ್ಮೂರಿನ ಹಾಡು, ಆಟ, ಕಥೆ ಸೇರಿಸಿ ತಾವೇ ಕಾರ್ಡು ಬರೆದರು. ನಮ್ಮ ಶಿಕ್ಷಣದಲ್ಲಿ ಮೇಲಿನಿಂದ ಇಳಿದು ಬಂದ ಯೋಜನೆಗಳೇ ಹೆಚ್ಚು. ಪಾಠ ಮಾಡುವವರ ಕೈಯಿಂದಲೇ ಹುಟ್ಟಿದ್ದು ಎಂಬ ಕಾರಣಕ್ಕೆ ನಲಿಕಲಿ ನನಗೆ ದೊಡ್ಡದಾಗಿ ಕಾಣುತ್ತದೆ. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ಹೆಗ್ಗಡದೇವನಕೋಟೆಯಂಥ ಕಾಡಂಚಿನ ತಾಲ್ಲೂಕಿಗೆ ಇದು ಯಾಕೆ ಬೇಕಿತ್ತು ಎಂಬುದನ್ನು ಅಲ್ಲಿನ ಬದುಕೇ ಹೇಳುತ್ತದೆ. ಆದಿವಾಸಿ ಹಾಡಿಯ ಜನ ಕಾಫಿ ಕೊಯ್ಲಿಗೆ ಕೊಡಗಿನ ಕಡೆ ಹೊರಟರೆ ಮಕ್ಕಳೂ ಜೊತೆಗೆ ಹೋಗುತ್ತಾರೆ. ವಾರಗಟ್ಟಲೆ ಬಿಟ್ಟು ಬಂದ ಮಗುವಿಗೆ ಹಳೆಯ ತರಗತಿಯಲ್ಲಿ ಜಾಗವೇ ಇರಲಿಲ್ಲ. ಪಾಠ ಮುಂದೆ ಹೋಗಿರುತ್ತಿತ್ತು, ಮಗು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಿತ್ತು, ಕೊನೆಗೆ ಶಾಲೆಯನ್ನೇ ಬಿಡುತ್ತಿತ್ತು. ನಲಿಕಲಿಯಲ್ಲಿ ಕಲಿಕಾ ಏಣಿ ಗೋಡೆಯ ಮೇಲೆ ತೂಗುತ್ತಿರುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ಸಂಖ್ಯೆ. ಓದಲು ಬಾರದ ಮಗುವೂ ಆ ಗುರುತು ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಕೊಯ್ಲು ಮುಗಿಸಿ ಮರಳಿದವನು ಬಿಟ್ಟ ಮೆಟ್ಟಿಲಿಂದಲೇ ಮುಂದಕ್ಕೆ ಹತ್ತುತ್ತಾನೆ.

ಏಣಿಯ ಮೊದಲ ಮೆಟ್ಟಿಲುಗಳನ್ನು ಜೋಡಿಸಿರುವ ಜಾಣ್ಮೆಯನ್ನು ಸ್ವಲ್ಪ ನಿಂತು ನೋಡಬೇಕು. ಇಲ್ಲಿ ಅಕ್ಷರಾಭ್ಯಾಸ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ ಗ ಸ ದ ಅ ಎಂದು ಶುರುವಾಗುತ್ತದೆ. ಬರೆಯಲು ಸುಲಭವಾದ, ಒಂದರಿಂದ ಇನ್ನೊಂದಕ್ಕೆ ಕೈ ಸಲೀಸಾಗಿ ಹೊರಳುವ ಆಕಾರಗಳಿವು. ಅದಕ್ಕಿಂತ ಮುಖ್ಯವಾಗಿ, ಈ ಐದೇ ಅಕ್ಷರಗಳಲ್ಲಿ ಪದಗಳಿವೆ: ಸರ, ರಸ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಕಿಲ್ಲ, ಒತ್ತಕ್ಷರ ಬೇಕಿಲ್ಲ. ಮುಂದಿನ ಗುಂಪು ಜ ವ ಮ ಬ ನ ಸೇರಿದ ಕೂಡಲೇ ಮರ, ಜನ, ನಗರ, ಬಸವ, ಗಮನ ಎಲ್ಲ ಮಗುವಿನ ಪಾಲಾಗುತ್ತವೆ. ವರ್ಣಮಾಲೆಯ ಕ್ರಮದಲ್ಲಿ ಹೋದ ಮಗು ಸ್ವರಗಳನ್ನೆಲ್ಲ ದಾಟುವವರೆಗೆ ಬಾಯಿಪಾಠವನ್ನೇ ಮಾಡುತ್ತಿರುತ್ತದೆ. ಇಲ್ಲಿ ಕೆಲವೇ ವಾರಗಳಲ್ಲಿ ‘ನಾನು ಓದಿದೆ’ ಎಂಬ ಹಿಗ್ಗು ಸಿಕ್ಕಿಬಿಡುತ್ತದೆ. ಆ ಹಿಗ್ಗೇ ಮುಂದಿನ ಮೆಟ್ಟಿಲಿಗೆ ಮಗುವನ್ನು ಹತ್ತಿಸುತ್ತದೆ.

ಏಣಿ, ಕಾರ್ಡು ಎಲ್ಲ ಸಲಕರಣೆ ಮಾತ್ರ. ಟೀಚರ ಕಸುಬು ಇರುವುದು ತಟ್ಟೆಗಳಲ್ಲಿ. ನೆಲದ ಮೇಲಿನ ಐದು ಗುಂಪುಗಳಿಗೆ ಐದು ತಟ್ಟೆ: ಶಿಕ್ಷಕರ ಸಂಪೂರ್ಣ ಸಹಾಯ ಬೇಕಾದವರದು ಒಂದು, ಭಾಗಶಃ ಸಹಾಯ ಸಾಕಾದವರದು ಇನ್ನೊಂದು, ಸಹಪಾಠಿಗಳ ಸಂಪೂರ್ಣ ಸಹಾಯದ್ದು, ಭಾಗಶಃ ಸಹಾಯದ್ದು, ಕೊನೆಯದು ಸ್ವಕಲಿಕೆ. ಹೊಸ ವಿಷಯವನ್ನು ಮಗು ಮೊದಲ ತಟ್ಟೆಯಲ್ಲಿ ಹಿಡಿಯುತ್ತದೆ, ಅಭ್ಯಾಸ ಮಾಡುತ್ತ ಮಾಡುತ್ತ ಕೊನೆಯ ತಟ್ಟೆಗೆ ಬರುತ್ತದೆ. ದೊಡ್ಡವರ ನೆರವು ಹೀಗೆ ಹಂತಹಂತವಾಗಿ ಕಡಿಮೆಯಾಗುತ್ತ ಹೋಗುವುದೇ ಈ ಪದ್ಧತಿಯ ಜೀವ.

ಆದರೆ ಎಷ್ಟು ಕಡಿಮೆ, ಯಾವಾಗ ಕಡಿಮೆ ಎಂಬುದನ್ನು ಯಾವ ಕಾರ್ಡೂ ಹೇಳಿಕೊಡುವುದಿಲ್ಲ. ‘ಗರಗಸ’ ಓದುತ್ತ ಮಗು ಮೊದಲ ಅಕ್ಷರದಲ್ಲೇ ನಿಂತಿತು ಎನ್ನಿ. ಅನುಭವ ಸಾಲದವರು ಕೂಡಲೇ ‘ಗ’ ಎಂದು ಹೇಳಿಕೊಡುತ್ತಾರೆ. ಮಗುವೂ ‘ಗ’ ಎನ್ನುತ್ತದೆ, ನಾಳೆ ಮತ್ತೆ ಅಲ್ಲೇ ನಿಲ್ಲುತ್ತದೆ. ಪಳಗಿದ ಟೀಚರ್ ಸುಮ್ಮನಿರುತ್ತಾರೆ. ಮಗುವಿನ ಕಣ್ಣು ಅಕ್ಷರದ ಮೇಲೆ ಇದೆಯೋ ತಮ್ಮ ಮುಖದ ಮೇಲೆ ಇದೆಯೋ ನೋಡುತ್ತಾರೆ. ಅಕ್ಷರದ ಮೇಲಿದ್ದರೆ ಇನ್ನಷ್ಟು ಕಾಯುತ್ತಾರೆ. ಮುಖದ ಮೇಲಿದ್ದರೆ, ಮಗು ಆಗಲೇ ಓದಿ ಮುಗಿಸಿದ ‘ಅಗಸ’ದ ಕಡೆ ಬೆರಳು ಮಾಡುತ್ತಾರೆ. ಉತ್ತರ ಮಗುವಿನ ಹತ್ತಿರವೇ ಇತ್ತು. ಅದು ಎಲ್ಲಿದೆ ಎಂದಷ್ಟೇ ತೋರಿಸಿದ್ದು. ಇಷ್ಟೆಲ್ಲ ನಡೆಯುವಾಗ ಅವರ ಒಂದು ಕಿವಿ ಉಳಿದ ನಾಲ್ಕು ತಟ್ಟೆಗಳ ಕಡೆ ಇರುತ್ತದೆ. ಗದ್ದಲದಲ್ಲಿ ಕೆಲಸದ ಗದ್ದಲ ಯಾವುದು, ಜಗಳದ ಗದ್ದಲ ಯಾವುದು ಎಂದು ತಲೆಯೆತ್ತದೆಯೇ ತಿಳಿದುಕೊಳ್ಳುವ ಆ ಕಿವಿ ವರ್ಷಗಟ್ಟಲೆ ದುಡಿದು ಬಂದದ್ದು.

ಯಾರನ್ನು ಯಾರ ಪಕ್ಕ ಕೂರಿಸಬೇಕು ಎಂಬುದೂ ಅಷ್ಟೇ ಸೂಕ್ಷ್ಮ. ತರಗತಿಯ ಅತಿ ಚುರುಕಿನ ಹುಡುಗಿಗಿಂತ ಮೊನ್ನೆಯಷ್ಟೇ ಆ ಅಕ್ಷರ ಕಲಿತ ಹುಡುಗ ಚೆನ್ನಾಗಿ ಹೇಳಿಕೊಡುತ್ತಾನೆ. ತಾನು ಎಲ್ಲಿ ತಡವರಿಸಿದೆ ಎಂಬುದು ಅವನಿಗೆ ಇನ್ನೂ ನೆನಪಿರುತ್ತದೆ. ಹೇಳಿಕೊಡುತ್ತ ಅವನ ಕಲಿಕೆಯೂ ಗಟ್ಟಿಯಾಗುತ್ತದೆ.

ಗಣಿತದಲ್ಲೂ ಇದೇ ದಾರಿ: ಹುಣಸೆಬೀಜ ಎಣಿಸುವುದು, ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟುವುದು, ಆಮೇಲೆ ಅಂಕಿ ಬರೆಯುವುದು. ಪರೀಕ್ಷೆಯೂ ಏಣಿಯೊಳಗೇ ಇದೆ. ಒಂದಷ್ಟು ಮೆಟ್ಟಿಲು ಸೇರಿದ ಮೈಲಿಗಲ್ಲಿನ ಕೊನೆಯಲ್ಲಿ ಮೌಲ್ಯಮಾಪನದ ಕಾರ್ಡು ಬರುತ್ತದೆ. ಸಾಲದಾದರೆ ಮತ್ತಷ್ಟು ಅಭ್ಯಾಸ, ನಪಾಸು ಎಂಬ ಮಾತಿಲ್ಲ.

ಕುಂದುಗಳೂ ಇವೆ. ಮಕ್ಕಳ ಸಂಖ್ಯೆ ಹೆಚ್ಚಿರುವ ಕಡೆ, ಟೀಚರ ಅರ್ಧ ದಿನವನ್ನು ದಾಖಲೆ ತುಂಬುವ ಕೆಲಸವೇ ನುಂಗುವ ಕಡೆ, ಕಾರ್ಡು ತೆಗೆಯುವುದು, ಇಡುವುದು, ಗುರುತು ಹಾಕುವುದು ಇಷ್ಟೇ ಉಳಿದುಬಿಡುತ್ತದೆ. ಹಾಗೆ ಯಾಂತ್ರಿಕವಾದ ನಲಿಕಲಿ ಹಳೆಯ ಕಪ್ಪುಹಲಗೆಯ ಪಾಠಕ್ಕಿಂತ ಕಡೆ. ನಾಲ್ಕನೇ ತರಗತಿಗೆ ಬಂದೊಡನೆ ಮತ್ತೆ ಪಠ್ಯಪುಸ್ತಕ, ಮತ್ತೆ ಸಾಲು. ಸ್ವಂತ ವೇಗದಲ್ಲಿ ನಡೆದ ಮಗುವಿಗೆ ಆ ತಿರುವು ಕಠಿಣ. ಪದ್ಧತಿಯನ್ನು ಕಟ್ಟಿದವರು ಶಿಕ್ಷಕರಾದ್ದರಿಂದ ಅದನ್ನು ತಿದ್ದುವ ಅಧಿಕಾರವೂ ಅವರಿಗೇ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

‘ಬರೀ ಆಟ ಆಡಿಸ್ತಾರೆ, ಏನೂ ಬರೆಸಲ್ಲ’ ಎಂದು ದೂರುವ ತಂದೆತಾಯಂದಿರಲ್ಲಿ ಒಂದು ವಿನಂತಿ. ಮುಂದಿನ ಸಲ ಶಾಲೆಗೆ ಹೋದಾಗ ನೋಟ್‌ಬುಕ್ಕಿನಲ್ಲಿ ಎಷ್ಟು ಪುಟ ತುಂಬಿದೆ ಎಂದು ಕೇಳಬೇಡಿ. ನಮ್ಮ ಮಗು ಈಗ ಯಾವ ಮೆಟ್ಟಿಲಲ್ಲಿದೆ, ಯಾವ ತಟ್ಟೆಯಲ್ಲಿ ಕೂರುತ್ತಿದೆ ಎಂದು ಟೀಚರನ್ನು ಕೇಳಿ.