ಛಂದಃಪ್ರಸ್ತಾರವೂ ಒಂದು ಮಹಾ ಅವಿಭಾಜ್ಯ ಸಂಖ್ಯೆಯೂ

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಅಂತಹವುಗಳಲ್ಲಿ ಪ್ರಸಿದ್ಧವಾದುದೊಂದು ಇದು:

೧೭೦೧೪೧೧೮೩೪೬೦೪೬೯೨೩೧೭೩೧೬೮೭೩೦೩೭೧೫೮೮೪೧೦೫೭೨೭

ಎರಡರ ೧೨೭ನೆಯ ಘಾತದಲ್ಲಿ ಒಂದನ್ನು ಕಳೆದರೆ ೩೯ ಅಂಕಗಳುಳ್ಳ ಈ ಸಂಖ್ಯೆಯು ಬರುವುದು. ಇದರ ಸ್ವರೂಪವು ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಅಪರಿಚಿತವಲ್ಲ. ಗುರುಲಘುಗಳ ಪ್ರಸ್ತಾರದಲ್ಲಿ ಅಕ್ಷರವೊಂದು ಹೆಚ್ಚಿದಂತೆಲ್ಲ ವೃತ್ತಸಂಖ್ಯೆಯು ಇಮ್ಮಡಿಯಾಗುವುದಷ್ಟೆ. ಪಾದಕ್ಕೆ ೨೬ ಅಕ್ಷರಗಳ ಉತ್ಕೃತಿಯಲ್ಲಿ ವೃತ್ತಗಳು ೬,೭೧,೦೮,೮೬೪. ಪಾದಕ್ಕೆ ೧೨೭ ಅಕ್ಷರಗಳೆಂದು ಭಾವಿಸಿ ಪ್ರಸ್ತರಿಸಿ, ಸರ್ವಗುರುವಾದ ಮೊದಲನೆಯ ಭೇದವನ್ನು ಬಿಟ್ಟರೆ, ಉಳಿದ ಭೇದಗಳೆಷ್ಟೋ ಅಷ್ಟೇ ಈ ಸಂಖ್ಯೆ.

ಇಂತಹ ಸಂಖ್ಯೆಗಳಲ್ಲಿ ಘಾತಾಂಕವು ವಿಭಾಜ್ಯವಾದರೆ ಫಲವೂ ವಿಭಾಜ್ಯವೇ. ಘಾತಾಂಕವು ಅವಿಭಾಜ್ಯವಾದ ಮಾತ್ರದಿಂದ ಫಲವು ಹಾಗಾಗಬೇಕೆಂಬ ನಿಯಮವಿಲ್ಲ; ಘಾತಾಂಕವು ೧೧ ಆದಾಗ ಬರುವ ೨೦೪೭, ೨೩ ಮತ್ತು ೮೯ರ ಗುಣಲಬ್ಧ. ೧೬೪೪ರಲ್ಲಿ ಫ್ರಾನ್ಸಿನ ಯತಿ ಮರ್ಸೆನ್ ಎಂಬವನು ೨೫೭ರವರೆಗೆ ಅವಿಭಾಜ್ಯಗಳನ್ನು ಕೊಡುವ ಘಾತಾಂಕಗಳ ಪಟ್ಟಿಯನ್ನು ಕೊಟ್ಟನು, ಉಪಪತ್ತಿಯನ್ನು ಕೊಡಲಿಲ್ಲ. ೬೭, ೧೨೭, ೨೫೭ ಎಂಬಿವು ಅದರಲ್ಲಿದ್ದುವು. ಇವುಗಳಲ್ಲಿ ೧೨೭ ಮಾತ್ರ ಸರಿ. ನಿಜವಾಗಿ ಸೇರಬೇಕಾಗಿದ್ದ ೬೧, ೮೯, ೧೦೭ ಬಿಟ್ಟುಹೋಗಿದ್ದುವು.

೧೨೭ರ ವಿಷಯವನ್ನು ಒಂದೊಂದಾಗಿ ಭಾಗಿಸಿ ನೋಡಿ ತಿಳಿಯಬೇಕಾದರೆ, ಇಪ್ಪತ್ತಂಕದ ಸಂಖ್ಯೆಗಳವರೆಗೂ ಪರೀಕ್ಷೆ ನಡೆಯಬೇಕು. ಅದು ಮನುಷ್ಯಾಯುಷ್ಯಕ್ಕೆ ಮೀರಿದ ಕೆಲಸ. ೧೮೭೬ರಲ್ಲಿ ಎಡ್ವಾರ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ಭಾಜಕಗಳನ್ನು ಹುಡುಕದೆಯೇ ಇದನ್ನು ನಿರ್ಣಯಿಸಿದನು. ಅವನ ಮಾರ್ಗದ ಒಂದು ರೂಪವು ಹೀಗಿದೆ. ಮೂರರಿಂದ ಆರಂಭಿಸಿ, ವರ್ಗಮಾಡಿ ಎರಡನ್ನು ಕಳೆಯುತ್ತ ಹೋದರೆ ೩, ೭, ೪೭, ೨೨೦೭ ಎಂಬ ಶ್ರೇಢಿಯುಂಟಾಗುವುದು. ಘಾತಾಂಕವು ಅವಿಭಾಜ್ಯವೂ, ನಾಲ್ಕರಿಂದ ಭಾಗಿಸಿದಾಗ ಮೂರು ಶೇಷವುಳ್ಳದ್ದೂ ಆಗಿರಲಿ. ಆ ಘಾತಾಂಕಕ್ಕಿಂತ ಒಂದು ಕಡಮೆಯಾದ ಸ್ಥಾನದ ಪದವನ್ನು ಪರೀಕ್ಷ್ಯಸಂಖ್ಯೆಯಿಂದ ಭಾಗಿಸಿದಾಗ ಶೇಷವು ಸೊನ್ನೆಯಾದರೆ ಅದು ಅವಿಭಾಜ್ಯ, ಇಲ್ಲವಾದರೆ ವಿಭಾಜ್ಯ. ಪದಗಳು ಬೆಳೆದಂತೆ ಶೇಷವನ್ನಷ್ಟೇ ಇಟ್ಟುಕೊಂಡರೆ ಸಾಕು. ಉದಾಹರಣೆಗೆ, ಘಾತಾಂಕವು ೭ ಆದರೆ ಸಂಖ್ಯೆಯು ೧೨೭. ಶೇಷಗಳು ಕ್ರಮವಾಗಿ ೩, ೭, ೪೭, ೪೮, ೧೬, ೦. ಆರನೆಯ ಸ್ಥಾನದಲ್ಲಿ ಸೊನ್ನೆ ಬಂದುದರಿಂದ ೧೨೭ ಅವಿಭಾಜ್ಯ. ಮೇಲಣ ಮಹಾಸಂಖ್ಯೆಗೆ ೧೨೬ನೆಯ ಸ್ಥಾನದವರೆಗೆ ಹೋಗಬೇಕು.

ಈ ಶ್ರೇಢಿಯೂ ಛಂದಸ್ಸಿಗೆ ದೂರವಾದುದಲ್ಲ. ವಿರಹಾಂಕ, ಹೇಮಚಂದ್ರರು ನಿರೂಪಿಸಿದ ಮಾತ್ರಾಪ್ರಸ್ತಾರದಲ್ಲಿ ಭೇದಸಂಖ್ಯೆಗಳು ೧, ೨, ೩, ೫, ೮, ೧೩, ೨೧, ೩೪ ಎಂದು ಬೆಳೆಯುವುವು. ಎರಡು ಮತ್ತು ನಾಲ್ಕು ಮಾತ್ರೆಗಳ ಭೇದಗಳನ್ನು, ಎಂದರೆ ೨ನ್ನೂ ೫ನ್ನೂ, ಕೂಡಿದರೆ ೭. ಆರು ಮತ್ತು ಎಂಟು ಮಾತ್ರೆಗಳ ೧೩ನ್ನೂ ೩೪ನ್ನೂ ಕೂಡಿದರೆ ೪೭. ಲ್ಯೂಕಾನು ಆ ಗ್ರಂಥಗಳನ್ನು ಕಂಡಿದ್ದನೆಂದು ಇದರಿಂದ ಸಾಧಿಸಲಾಗದು. ವಸ್ತುವೊಂದೇ ಆದುದರಿಂದ ಎರಡು ಮಾರ್ಗಗಳು ಸಂಧಿಸಿವೆ.

ಘಾತಾಂಕ ೬೭ರ ಸಂಖ್ಯೆಯು ವಿಭಾಜ್ಯವೆಂಬುದನ್ನೂ ಲ್ಯೂಕಾನು ೧೮೭೬ರಲ್ಲಿಯೇ ತೋರಿಸಿದನು. ಅದರ ಭಾಜಕಗಳಾದ ೧೯೩೭೦೭೭೨೧, ೭೬೧೮೩೮೨೫೭೨೮೭ ಎಂಬಿವು ಅಮೆರಿಕದ ಕೋಲ್ ಎಂಬವನಿಂದ ಪ್ರಕಟವಾದುದು ೧೯೦೩ರಲ್ಲಿ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಿದಂತೆ, ಕಣ್ಣಿಗೆ ಕಾಣದ ಭಾಜಕಗಳ ಇರವು ೨೭ ವರ್ಷ ಮೊದಲೇ ಸಿದ್ಧವಾಗಿದ್ದಿತು. ೩೯ ಅಂಕಗಳ ಸಂಖ್ಯೆಯಾದರೋ ೧೯೫೧ರವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿದ್ದಿತು. ಮರ್ಸೆನ್ನನ ವಚನವು ಇದರ ವಿಷಯದಲ್ಲಿ ನಿಜವೇ ಆಯಿತು. ಆದರೆ ಅದೇ ವಚನವು ೬೭ರಲ್ಲಿ ತಪ್ಪಿದುದರಿಂದ, ಇದರ ಅವಿಭಾಜ್ಯತೆಗೆ ಪ್ರಮಾಣವು ಆ ವಚನವಲ್ಲ, ಉಪಪತ್ತಿಯೇ.