ಹುಟ್ಟಿನ ಲಾಟರಿ ಮತ್ತು ಜಾನ್ ರಾಲ್ಸ್

ತತ್ವಜ್ಞಾನಿ ಜಾನ್ ರಾಲ್ಸ್ ಹುಟ್ಟಿದ್ದು 1921ರ ಫೆಬ್ರುವರಿ 21ರಂದು, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ತಂದೆ ಹೆಸರಾಂತ ವಕೀಲರು. ತಾಯಿ ಮಹಿಳಾ ಮತದಾರರ ಸಂಘಟನೆಯಲ್ಲಿ ದುಡಿದವರು. ಐವರು ಗಂಡುಮಕ್ಕಳಲ್ಲಿ ರಾಲ್ಸ್ ಎರಡನೆಯವರು. 1928ರಲ್ಲಿ, ಏಳನೇ ವಯಸ್ಸಿನಲ್ಲಿ, ಅವರಿಗೆ ಗಂಟಲುಮಾರಿ ತಗುಲಿತು. ಅದು ತಮ್ಮ ಬಾಬಿಗೂ ಅಂಟಿತು. ರಾಲ್ಸ್ ಗುಣವಾದರು, ಬಾಬಿ ತೀರಿಕೊಂಡ. ಮರುವರ್ಷ ರಾಲ್ಸ್‌ಗೆ ನ್ಯುಮೋನಿಯಾ ಬಂತು. ಈ ಸಲ ಸೋಂಕು ತಗುಲಿ ಸತ್ತವನು ಇನ್ನೊಬ್ಬ ತಮ್ಮ, ಟಾಮಿ. ರಾಲ್ಸ್ ಜೀವನವಿಡೀ ಮಾತಿನಲ್ಲಿ ತೊದಲುತ್ತಿದ್ದರು. ಅದಕ್ಕೆ ಬಾಬಿಯ ಸಾವಿನ ಆಘಾತವೇ ಕಾರಣವೆಂದು ತಾಯಿ ನಂಬಿದ್ದರು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ರಾಲ್ಸ್ ದೈವಭಕ್ತ ಕ್ರೈಸ್ತ ತರುಣ. ಪದವಿಗಾಗಿ ಬರೆದ ಪ್ರಬಂಧದ ವಿಷಯವೂ ಪಾಪ ಮತ್ತು ಶ್ರದ್ಧೆಯೇ; ಪಾದ್ರಿಯಾಗುವ ಯೋಚನೆಯೂ ಇತ್ತು. 1943ರಲ್ಲಿ ಪದವಿ ಮುಗಿಸಿ ಕಾಲಾಳು ಪಡೆ ಸೇರಿದರು. ನ್ಯೂಗಿನಿ, ಫಿಲಿಪ್ಪೀನ್ಸ್ ಕಂಡು, ಕೊನೆಗೆ ಸೋತ ಜಪಾನಿಗೂ ಹೋದರು. ಲುಝಾನ್ ದ್ವೀಪದಲ್ಲಿ ಒಂದು ದಿನ ಇಬ್ಬರು ಸೈನಿಕರು ಬೇಕಾದರು: ಒಬ್ಬ ಗಾಯಾಳುವಿಗೆ ರಕ್ತ ಕೊಡಲು, ಇನ್ನೊಬ್ಬ ಶತ್ರುಗಳ ನೆಲೆ ನೋಡಿ ಬರಲು. ರಾಲ್ಸ್ ಅವರ ರಕ್ತದ ಗುಂಪು ಹೊಂದಿತು. ನೆಲೆ ನೋಡಲು ಹೋದ ಗೆಳೆಯ ತೋಪಿನ ಗುಂಡಿಗೆ ಸಿಕ್ಕಿ ಸತ್ತ. ಯಹೂದಿಗಳ ಮಾರಣಹೋಮದ ಸುದ್ದಿಯೂ ಆಗಲೇ ತಲುಪತೊಡಗಿತ್ತು. ಯುದ್ಧ ಮುಗಿಯುವ ಹೊತ್ತಿಗೆ ರಾಲ್ಸ್ ಶ್ರದ್ಧೆ ಕಳೆದುಕೊಂಡಿದ್ದರು. ಬಾಂಬಿಗೆ ಬೂದಿಯಾಗಿದ್ದ ಹಿರೋಶಿಮಾವನ್ನು ಕಣ್ಣಾರೆ ಕಂಡಿದ್ದ ಅವರು, 50 ವರ್ಷಗಳ ಬಳಿಕ 1995ರಲ್ಲಿ, ಆ ದಾಳಿ ಘೋರ ಅನ್ಯಾಯವೆಂದು ನೇರವಾಗಿ ಬರೆದರು.

1950ರಲ್ಲಿ ಪ್ರಿನ್ಸ್‌ಟನ್‌ನಿಂದಲೇ ಡಾಕ್ಟರೇಟ್ ಬಂತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಒಂದು ವರ್ಷ, ಆಮೇಲೆ ಕಾರ್ನೆಲ್, ಎಂಐಟಿ, 1962ರಿಂದ ಹಾರ್ವರ್ಡ್. ಹೊರಗಿನಿಂದ ನೋಡಿದರೆ ಸಪ್ಪೆ ಅನ್ನಿಸುವ ಮೇಷ್ಟ್ರ ಬದುಕು. ಆದರೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅವರು ತರಗತಿಯಾಚೆಯೂ ದನಿ ಎತ್ತಿದರು. ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯ ಸೇನಾಸೇವೆ ಮುಂದೂಡುವ ವಿನಾಯಿತಿಯಿತ್ತು. ಬಡವರ ಮಕ್ಕಳು ಕಾಡಿಗೆ, ಉಳ್ಳವರ ಮಕ್ಕಳು ಕಾಲೇಜಿಗೆ ಎಂಬಂತಾಗಿತ್ತು. ಬಲವಂತದಿಂದ ಕಳಿಸುವುದೇ ಆದರೆ ಚೀಟಿ ಎತ್ತಿ ಕಳಿಸಲಿ ಎಂಬುದು ರಾಲ್ಸ್ ನಿಲುವು. ಅದೃಷ್ಟದ ಆಟವನ್ನು ನ್ಯಾಯದಿಂದ ದೂರವಿಡಲು ಹೊರಟವರು ಇಲ್ಲಿ ಚೀಟಿಯನ್ನೇ ಬೇಡಿದ್ದು ವಿಚಿತ್ರವೆನಿಸಬಹುದು. ಆದರೆ ಸಿರಿವಂತನ ಮಗನೂ ಅದೇ ಡಬ್ಬಿಗೆ ಕೈ ಹಾಕಬೇಕಲ್ಲ!

‘ಎ ಥಿಯರಿ ಆಫ್ ಜಸ್ಟಿಸ್’ 1971ರಲ್ಲಿ ಹೊರಬಂತು, ಸುಮಾರು 600 ಪುಟಗಳ ಗ್ರಂಥ. ಅದರ ಕೊನೆಯ ಕರಡು ಸಿದ್ಧವಾಗಿದ್ದು ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ. 1970ರ ಏಪ್ರಿಲ್‌ನಲ್ಲಿ ಅಲ್ಲಿಗೆ ಬೆಂಕಿ ಬಾಂಬ್ ಬಿತ್ತು. ಹಸ್ತಪ್ರತಿ ಸುಡಲಿಲ್ಲ, ನೀರಲ್ಲಿ ತೊಯ್ದಿತ್ತಷ್ಟೆ. ಹಾಳೆ ಹಾಳೆಯಾಗಿ ಬಿಡಿಸಿ ಒಣಗಿಸಿಕೊಂಡರು.

ಗ್ರಂಥದ ನಡುವಿನಲ್ಲಿರುವುದು ಒಂದು ಕಲ್ಪನೆ. ಒಂದಷ್ಟು ಜನ ಕುಳಿತು ತಾವು ಬಾಳಲಿರುವ ಸಮಾಜದ ಮೂಲ ನಿಯಮಗಳನ್ನು ಗೊತ್ತುಮಾಡಬೇಕು. ಇದು ‘ಮೂಲಸ್ಥಿತಿ’. ಆದರೆ ಅವರ ಮುಂದೆ ‘ಅಜ್ಞಾನದ ಪರದೆ’ ಇಳಿಬಿಟ್ಟಿದೆ. ತಾನು ಗಂಡೋ ಹೆಣ್ಣೋ, ಬಡವನೋ ಧಣಿಯೋ, ಯಾವ ಬಣ್ಣ, ಯಾವ ಮತ, ಬುದ್ಧಿ ಚುರುಕೋ ಮಂದವೋ, ಯಾವುದೂ ಯಾರಿಗೂ ತಿಳಿಯದು. ಅರ್ಥಶಾಸ್ತ್ರದ, ಮನಶ್ಶಾಸ್ತ್ರದ ಸಾಮಾನ್ಯ ಸಂಗತಿಗಳು ತಿಳಿದಿವೆ. ತನ್ನ ಜಾತಕ ಮಾತ್ರ ತಿಳಿದಿಲ್ಲ. ರೊಟ್ಟಿ ಮುರಿಯುವವನಿಗೆ ತನ್ನ ಪಾಲು ಯಾವುದೆಂದು ಗೊತ್ತಿಲ್ಲದಿದ್ದರೆ ಆತ ಆದಷ್ಟೂ ಸರಿಯಾಗಿಯೇ ಮುರಿಯುತ್ತಾನೆ. ಇಂಥ ನ್ಯಾಯಯುತ ಸ್ಥಿತಿಯಲ್ಲಿ ಒಪ್ಪಿತವಾದದ್ದೇ ನ್ಯಾಯ ಎಂಬುದು ರಾಲ್ಸ್ ವಾದ. ಲಾಕ್, ರೂಸೊ, ಕಾಂಟ್ ಅವರ ಸಾಮಾಜಿಕ ಒಪ್ಪಂದದ ವಿಚಾರಕ್ಕೆ ಹೀಗೆ ಮರುಜೀವ ಬಂತು.

ಪರದೆಯ ಹಿಂದಿರುವವರು ಎರಡು ತತ್ವಗಳನ್ನು ಆರಿಸುತ್ತಾರಂತೆ. ಮೊದಲನೆಯದು, ವಾಕ್, ಮತಧರ್ಮ, ಮತದಾನ ಮುಂತಾದ ಮೂಲ ಸ್ವಾತಂತ್ರ್ಯಗಳು ಎಲ್ಲರಿಗೂ ಸಮ. ಹೆಚ್ಚು ವರಮಾನದ ಆಸೆ ತೋರಿಸಿ ಇವನ್ನು ಕಸಿಯುವಂತಿಲ್ಲ. ಎರಡನೆಯದು ಅಸಮಾನತೆಯ ಕುರಿತು. ಹುದ್ದೆ, ಅವಕಾಶಗಳ ಬಾಗಿಲು ಎಲ್ಲರಿಗೂ ನಿಜವಾಗಿ ತೆರೆದಿರಬೇಕು. ಸಂಪತ್ತಿನ ಏರುಪೇರು ಕಟ್ಟಕಡೆಯವರಿಗೆ ಅತಿ ಹೆಚ್ಚು ಅನುಕೂಲ ತರುವಂತಿದ್ದರೆ ಮಾತ್ರ ಸಲ್ಲುತ್ತದೆ. ಈ ಕೊನೆಯ ಭಾಗಕ್ಕೆ ‘ವ್ಯತ್ಯಾಸ ತತ್ವ’ ಎಂದು ಹೆಸರು. ಇಬ್ಬರೇ ಇರುವ ಸಮಾಜವೊಂದನ್ನು ಊಹಿಸಬಹುದು. ಒಂದು ವ್ಯವಸ್ಥೆಯಲ್ಲಿ ಇಬ್ಬರಿಗೂ 10 ಚೀಲ ಭತ್ತ. ಎರಡನೆಯದರಲ್ಲಿ ಒಬ್ಬನಿಗೆ 40, ಇನ್ನೊಬ್ಬನಿಗೆ 15. ಮೂರನೆಯದರಲ್ಲಿ ಒಬ್ಬನಿಗೆ 90, ಇನ್ನೊಬ್ಬನಿಗೆ 8. ಒಟ್ಟು ಮೊತ್ತವನ್ನೇ ನೋಡುವವನು ಮೂರನೆಯದಕ್ಕೆ ಕೈ ಚಾಚುತ್ತಾನೆ, ಸಮಾನತೆಯ ಹಟವಾದಿ ಮೊದಲನೆಯದಕ್ಕೆ. ರಾಲ್ಸ್ ಆಯ್ಕೆ ಎರಡನೆಯದು.

ಉಪಯುಕ್ತತಾವಾದದೊಡನೆ ಅವರ ಜಗಳವೂ ಇದೇ. ಒಬ್ಬನ ನಷ್ಟವನ್ನು ಇನ್ನೊಬ್ಬನ ಲಾಭದಲ್ಲಿ ಕಳೆದು ಲೆಕ್ಕ ಚುಕ್ತಾ ಮಾಡುವ ಆ ಪಂಥ, ಮನುಷ್ಯರು ಬೇರೆ ಬೇರೆ ವ್ಯಕ್ತಿಗಳೆಂಬುದನ್ನೇ ಮರೆಯುತ್ತದೆ ಎಂದರು. ಇನ್ನೂ ಇರುಸುಮುರುಸಿನ ಮಾತೊಂದಿದೆ: ಹುಟ್ಟಿದ ಮನೆಯಷ್ಟೇ ಅಲ್ಲ, ಹುಟ್ಟಿನೊಂದಿಗೆ ಬಂದ ಪ್ರತಿಭೆಯೂ ಯಾರೂ ದುಡಿದು ಗಳಿಸಿದ್ದಲ್ಲ, ಅದೂ ಲಾಟರಿಯೇ. ‘ಅರ್ಹತೆ’ಯ ಹೆಸರಿನಲ್ಲಿ ನಡೆಯುವ ವಾದಗಳೆಲ್ಲ ಇನ್ನೂ ಈ ಮಾತಿಗೆ ಉತ್ತರ ಹುಡುಕಬೇಕಾಗಿದೆ.

ಟೀಕೆಗಳಿಗೆ ಬರವಿರಲಿಲ್ಲ. ಹಾರ್ವರ್ಡ್‌ನಲ್ಲಿ ರಾಲ್ಸ್ ಇದ್ದ ತತ್ವಶಾಸ್ತ್ರ ವಿಭಾಗದವರೇ ಆದ ರಾಬರ್ಟ್ ನೋಝಿಕ್ 1974ರಲ್ಲಿ ಎದುರುವಾದ ಹೂಡಿದರು. ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್ ಆಟ ನೋಡಲು ಹತ್ತು ಲಕ್ಷ ಜನ ಖುಷಿಯಿಂದ ತಲಾ 25 ಸೆಂಟ್ ಕೊಟ್ಟು ಆತ ಸಿರಿವಂತನಾದರೆ ಅನ್ಯಾಯ ಎಲ್ಲಾಯಿತು ಎಂಬುದು ನೋಝಿಕ್ ಪ್ರಶ್ನೆ. ಊರು, ಕುಲ, ನಂಬಿಕೆ ಎಲ್ಲವನ್ನೂ ಕಳಚಿಟ್ಟು ಆರಿಸುವ ಆ ‘ನಾನು’ ಯಾರು ಎಂದು ತತ್ವಜ್ಞಾನಿ ಮೈಕೆಲ್ ಸ್ಯಾಂಡೆಲ್ 1982ರಲ್ಲಿ ಕೇಳಿದರು. 1989ರಲ್ಲಿ ಸ್ತ್ರೀವಾದಿ ಚಿಂತಕಿ ಸೂಸನ್ ಮೋಲರ್ ಓಕಿನ್ ಎತ್ತಿದ ಆಕ್ಷೇಪ ಹೆಚ್ಚು ಹರಿತವಾಗಿತ್ತು: ಕುಟುಂಬವನ್ನು ನ್ಯಾಯಯುತವೆಂದು ಸುಮ್ಮನೆ ಊಹಿಸಿಕೊಂಡ ಈ ಸಿದ್ಧಾಂತ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿತ್ತು. ಹಾರ್ವರ್ಡ್‌ನಲ್ಲಿ ರಾಲ್ಸ್ ಜತೆ ಪಾಠ ಮಾಡಿದ್ದ ಅಮರ್ತ್ಯ ಸೇನ್ ತಮ್ಮ 2009ರ ‘ದಿ ಐಡಿಯಾ ಆಫ್ ಜಸ್ಟಿಸ್’ ಗ್ರಂಥವನ್ನು ಅವರ ನೆನಪಿಗೇ ಅರ್ಪಿಸಿ, ಅದರಲ್ಲೇ ಅವರನ್ನು ಒರೆಗೆ ಹಚ್ಚಿದರು. ಸಂಸ್ಕೃತದ ‘ನೀತಿ’, ‘ನ್ಯಾಯ’ ಎಂಬ ಎರಡು ಪದಗಳನ್ನು ಎತ್ತಿಕೊಂಡು, ರಾಲ್ಸ್ ನೀತಿಯಲ್ಲೇ ಉಳಿದರು, ಅಂದರೆ ಪರಿಪೂರ್ಣ ಸಂಸ್ಥೆಗಳ ವಿನ್ಯಾಸದಲ್ಲಿ ಮುಳುಗಿದರು ಎಂದು ಸೇನ್ ವಾದಿಸಿದರು. ಜನ ನಿಜಕ್ಕೂ ಬಾಳುವ ಬಾಳು ಹೇಗಿದೆ ಎಂದು ಕೇಳುವುದು ನ್ಯಾಯ ಎಂದರು.

ರಾಲ್ಸ್ ಟೀಕೆಗಳನ್ನು ಓದಿ ತಮ್ಮನ್ನೇ ತಿದ್ದಿಕೊಳ್ಳುತ್ತಿದ್ದರು. 1993ರ ‘ಪೊಲಿಟಿಕಲ್ ಲಿಬರಲಿಸಂ’ನಲ್ಲಿ, ಹಲವು ಮತಪಂಥಗಳ ಜನ ತಮ್ಮ ತಮ್ಮ ಕಾರಣಗಳಿಗಾಗಿಯೇ ಒಂದೇ ನ್ಯಾಯಕ್ಕೆ ಒಪ್ಪಬಹುದಾದ ಬಗೆಯನ್ನು ಹುಡುಕಿದರು. 1999ರ ‘ದಿ ಲಾ ಆಫ್ ಪೀಪಲ್ಸ್’ ಅಷ್ಟು ತೃಪ್ತಿ ಕೊಡುವುದಿಲ್ಲ. ದೇಶದೊಳಗೆ ಕಟ್ಟಕಡೆಯವರ ಪರ ನಿಂತ ವ್ಯತ್ಯಾಸ ತತ್ವವನ್ನು ದೇಶ ದೇಶಗಳ ನಡುವೆ ಅನ್ವಯಿಸಲು ಅವರು ಒಪ್ಪಲಿಲ್ಲ. ಸಂಕಷ್ಟದಲ್ಲಿರುವ ಸಮಾಜಗಳಿಗೆ ನೆರವಾಗುವ ಕರ್ತವ್ಯವಷ್ಟೇ ಸಾಕೆಂದರು. ಯಾವ ದೇಶದಲ್ಲಿ ಹುಟ್ಟುತ್ತೇವೆ ಎಂಬುದಕ್ಕಿಂತ ದೊಡ್ಡ ಲಾಟರಿ ಯಾವುದಿದೆ? ಅವರ ಶಿಷ್ಯ ಥಾಮಸ್ ಪೊಗ್ಗೆಯ ತಕರಾರೂ ಈ ದಿಕ್ಕಿನದೇ.

1995ರಲ್ಲಿ ಆದ ಪಾರ್ಶ್ವವಾಯುವಿನಿಂದ ಆರೋಗ್ಯ ಕುಸಿದರೂ ಬರವಣಿಗೆ ನಿಲ್ಲಲಿಲ್ಲ. 2002ರ ನವೆಂಬರ್ 24ರಂದು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ ನಿಧನರಾದರು. ತಾವು ಶ್ರದ್ಧೆ ಕಳೆದುಕೊಂಡ ಬಗೆಯನ್ನು, ರಕ್ತ ಕೊಟ್ಟ ಆ ದಿನದ ಸಂಗತಿಯನ್ನು 1997ರಲ್ಲಿ ಚಿಕ್ಕ ಟಿಪ್ಪಣಿಯೊಂದರಲ್ಲಿ ಬರೆದಿಟ್ಟಿದ್ದರು, ಪ್ರಕಟಿಸಿರಲಿಲ್ಲ. 2009ರಲ್ಲಿ ಅದು ತರುಣ ರಾಲ್ಸ್‌ನ ಪಾಪ ಮತ್ತು ಶ್ರದ್ಧೆಯ ಪ್ರಬಂಧದ ಜತೆ ಒಂದೇ ಪುಸ್ತಕವಾಗಿ ಅಚ್ಚಾಯಿತು.